‘ಡಿಸ್‌ಇಂಟರೆಸ್ಟೆಡ್’ ಅಂದರೆ ಆಸಕ್ತಿ ಇಲ್ಲದವರು ಅಂತಲ್ಲ: ಒಂದು ಇಂಗ್ಲಿಷ್ ವಿಶೇಷಣದ ಅರ್ಥ, ಬಳಕೆ ಮತ್ತು ರಾಜಕೀಯ

ಈ ವಾಕ್ಯ ನೋಡಿ: ‘ದಿ ಜಡ್ಜ್ ವಾಸ್ ಡಿಸ್‌ಇಂಟರೆಸ್ಟೆಡ್.’ ಇದು ಹೊಗಳಿಕೆಯೋ, ದೂರೋ?

ನ್ಯಾಯಾಧೀಶರು ವಿಚಾರಣೆ ವೇಳೆ ಆಕಳಿಸುತ್ತಾ ಕೂತಿದ್ದರು, ವಕೀಲರ ಮಾತಿಗೆ ಕಿವಿಗೊಡಲಿಲ್ಲ ಅಂತ ನಿಮಗೆ ಅರ್ಥವಾಗಿದ್ದರೆ ಆಶ್ಚರ್ಯವಿಲ್ಲ. ಬಹಳಷ್ಟು ಜನ ಹಾಗೇ ಓದುತ್ತಾರೆ. ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶಗಳಲ್ಲೂ ಈ ಗೊಂದಲ ಇದ್ದೇ ಇದೆ. ಆದರೆ ಕಾನೂನಿನ ಭಾಷೆಯಲ್ಲಿ, ಎಚ್ಚರದಿಂದ ಬರೆಯುವವರ ಇಂಗ್ಲಿಷಿನಲ್ಲಿ, ಈ ವಾಕ್ಯ ಆ ನ್ಯಾಯಾಧೀಶರಿಗೆ ಸಿಗುವ ದೊಡ್ಡ ಪ್ರಶಂಸೆ. ಪ್ರಕರಣ ಯಾವ ಕಡೆ ತೀರ್ಮಾನವಾದರೂ ಅವರಿಗೆ ಒಂದು ಪೈಸೆ ಲಾಭವಿಲ್ಲ, ಒಂದು ಪೈಸೆ ನಷ್ಟವೂ ಇಲ್ಲ ಅಂತ ಅದರ ಅರ್ಥ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ‘ಗೊಂದಲ ಹುಟ್ಟಿಸುವ ಪದಗಳು’ ಪಟ್ಟಿಯಲ್ಲಿ ಸಿಗುವ ಒಂದು ಜೋಡಿ: ಡಿಸ್‌ಇಂಟರೆಸ್ಟೆಡ್, ಅನ್‌ಇಂಟರೆಸ್ಟೆಡ್. ಒಂದು ಅಂಕದ ಪ್ರಶ್ನೆ, ಅಷ್ಟೇ. ಆದರೆ ರಾಜಕೀಯವನ್ನು ಗಂಭೀರವಾಗಿ ತೆಗೆದುಕೊಳ್ಳುವವರಿಗೆ ಇದು ಒಂದು ಅಂಕದ ವಿಷಯವಲ್ಲ. ಯಾರನ್ನು ನಂಬಬೇಕು, ಯಾರ ತೀರ್ಪನ್ನು ಒಪ್ಪಬೇಕು, ಯಾರ ಸಲಹೆಯನ್ನು ಅನುಮಾನಿಸಬೇಕು ಅಂತ ನಿರ್ಧರಿಸಲು ನಮ್ಮ ಬಳಿ ಇರುವ ಅತ್ಯಂತ ಉಪಯುಕ್ತ ಕಲ್ಪನೆಗಳಲ್ಲಿ ಒಂದು ಈ ಪದದ ಒಳಗಿದೆ.

ಮೊದಲು ಅರ್ಥ

ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದ, ಕುತೂಹಲ ಇಲ್ಲದ, ಬೇಕಾಗಿಲ್ಲದ. ನಿಮ್ಮ ಗೆಳೆಯನಿಗೆ ಬಜೆಟ್ ಭಾಷಣ ಬೋರು. ಅವನು ಬಜೆಟ್ ವಿಷಯದಲ್ಲಿ ಅನ್‌ಇಂಟರೆಸ್ಟೆಡ್.

ಡಿಸ್‌ಇಂಟರೆಸ್ಟೆಡ್ ಅಂದರೆ ಆ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇಲ್ಲದ. ವಿಷಯದ ಬಗ್ಗೆ ವಿಪರೀತ ಕುತೂಹಲ ಇರಬಹುದು, ರಾತ್ರಿಯೆಲ್ಲಾ ಕೂತು ಕಡತ ಓದಿರಬಹುದು. ಆದರೆ ಫಲಿತಾಂಶದಿಂದ ತನಗೆ ಏನೂ ಗಿಟ್ಟುವುದಿಲ್ಲ, ಏನೂ ಕಳೆದುಹೋಗುವುದಿಲ್ಲ.

ಇಂಗ್ಲಿಷಿನಲ್ಲಿ ಈ ಗೊಂದಲ ಯಾಕೆ ಬಂತು ಅಂದರೆ ‘ಇಂಟರೆಸ್ಟ್’ ಅನ್ನೋ ಒಂದೇ ಪದದ ಮೇಲೆ ಹಲವು ಅರ್ಥಗಳ ಹೊರೆ ಬಿದ್ದಿದೆ. ಕನ್ನಡ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಮೂರು ಬೇರೆ ಬೇರೆ ಪದಗಳಿವೆ. ಕುತೂಹಲಕ್ಕೆ ‘ಆಸಕ್ತಿ’. ಲಾಭ-ನಷ್ಟದ ಸಂಬಂಧಕ್ಕೆ ‘ಹಿತಾಸಕ್ತಿ’. ಸಾಲದ ಮೇಲೆ ಕಟ್ಟುವುದಕ್ಕೆ ‘ಬಡ್ಡಿ’. ಹಾಗಾಗಿಯೇ ನಾವು ‘ಸಾರ್ವಜನಿಕ ಹಿತಾಸಕ್ತಿ ಅರ್ಜಿ’ ಅಂತೀವಿ, ಅದನ್ನು ‘ಸಾರ್ವಜನಿಕ ಆಸಕ್ತಿ ಅರ್ಜಿ’ ಅಂದರೆ ನಗು ಬರುತ್ತದೆ. ‘ಪಟ್ಟಭದ್ರ ಹಿತಾಸಕ್ತಿ’ ಅಂತೀವಿ, ಅಲ್ಲೂ ಬರೀ ಆಸಕ್ತಿ ಸಾಲದು.

ಆದ್ದರಿಂದ ನೆನಪಿಟ್ಟುಕೊಳ್ಳುವ ಸೂತ್ರ ಸುಲಭ. ಅನ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವರು. ಡಿಸ್‌ಇಂಟರೆಸ್ಟೆಡ್ ಅಂದರೆ ಹಿತಾಸಕ್ತಿ ಇಲ್ಲದವರು. ಇಂಗ್ಲಿಷ್ ಓದುಗರಿಗೆ ಕಷ್ಟವಾಗುವ ವ್ಯತ್ಯಾಸ ಕನ್ನಡದಲ್ಲಿ ಯೋಚಿಸಿದರೆ ಎರಡು ಸೆಕೆಂಡಿನ ಕೆಲಸ.

ಪದ ನಡೆದು ಬಂದ ದಾರಿ

‘ಇಂಟರೆಸ್ಟ್’ ಬಂದಿರೋದು ಲ್ಯಾಟಿನ್ನಿನ ‘ಇಂಟರ್’ ಮತ್ತು ‘ಎಸ್ಸೆ’ ಅನ್ನೋ ಎರಡು ಪದಗಳಿಂದ. ಅಕ್ಷರಶಃ ಅರ್ಥ ‘ನಡುವೆ ಇರುವುದು’. ಮಧ್ಯಯುಗದ ಯೂರೋಪಿನಲ್ಲಿ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳುವುದನ್ನು ಚರ್ಚ್ ಪಾಪ ಅಂತ ನಿಷೇಧಿಸಿತ್ತು. ಆದರೆ ಸಾಲ ಕೊಟ್ಟವನಿಗೆ ಆದ ನಷ್ಟಕ್ಕೆ ಪರಿಹಾರ ಕೇಳಬಹುದಿತ್ತು. ಆ ಪರಿಹಾರಕ್ಕೆ ಬಳಸುತ್ತಿದ್ದ ಪದವೇ ಮುಂದೆ ಬಡ್ಡಿಗೆ ಹೆಸರಾಯಿತು. ಅಂದರೆ ಈ ಪದಕ್ಕೂ ದುಡ್ಡಿಗೂ ಇರುವ ನಂಟು ಹಳೆಯದು. ಕುತೂಹಲ ಅನ್ನೋ ಅರ್ಥ ಅದಕ್ಕೆ ಅಂಟಿಕೊಂಡದ್ದು ಬಹಳ ತಡವಾಗಿ.

ಇಲ್ಲೊಂದು ತಮಾಷೆಯೂ ಇದೆ. ಇಂಗ್ಲಿಷಿನ ಚರಿತ್ರೆ ನೋಡಿದರೆ ಈ ಎರಡು ವಿಶೇಷಣಗಳು ಹಿಂದೊಮ್ಮೆ ಅದಲುಬದಲಾಗಿದ್ದವು. 17ನೇ ಶತಮಾನದ ಆರಂಭದಲ್ಲಿ, ಕವಿ ಜಾನ್ ಡನ್ ಕಾಲದಲ್ಲಿ, ಡಿಸ್‌ಇಂಟರೆಸ್ಟೆಡ್ ಪದಕ್ಕೆ ‘ಆಸಕ್ತಿ ಇಲ್ಲದ’ ಅನ್ನೋ ಅರ್ಥದ ದಾಖಲೆ ಸಿಗುತ್ತದೆ. ‘ಪಕ್ಷಪಾತವಿಲ್ಲದ’ ಅನ್ನೋ ಅರ್ಥ ಅದೇ ಶತಮಾನದ ಮಧ್ಯದ ಹೊತ್ತಿಗೆ ಬರುತ್ತದೆ. ಅನ್‌ಇಂಟರೆಸ್ಟೆಡ್ ಪದಕ್ಕೆ ಮೊದಲು ಇದ್ದದ್ದು ‘ಪಕ್ಷಪಾತವಿಲ್ಲದ’ ಅನ್ನೋ ಅರ್ಥ. ಅದು ‘ಬೇಕಾಗಿಲ್ಲದ’ ಅನ್ನೋ ಅರ್ಥಕ್ಕೆ ತಿರುಗಿದ್ದು 18ನೇ ಶತಮಾನದಲ್ಲಿ. ಆಮೇಲೆ ಎರಡೂ ಈಗಿನ ಜಾಗಕ್ಕೆ ಬಂದು ಕೂತವು.

ಇದನ್ನು ಹಿಡಿದುಕೊಂಡು ಕೆಲವರು ವಾದಿಸುತ್ತಾರೆ: ‘ಹಾಗಾದರೆ ಡಿಸ್‌ಇಂಟರೆಸ್ಟೆಡ್ ಅನ್ನೋದನ್ನು ಆಸಕ್ತಿ ಇಲ್ಲದ ಅನ್ನೋ ಅರ್ಥದಲ್ಲಿ ಬಳಸಿದರೆ ತಪ್ಪೇನು? ಹಳೆಯ ಅರ್ಥವೇ ಅಲ್ಲವಾ?’ ವಾದದಲ್ಲಿ ಸತ್ಯ ಇದೆ. ಇಂದಿನ ದೊಡ್ಡ ಇಂಗ್ಲಿಷ್ ನಿಘಂಟುಗಳು ಎರಡೂ ಅರ್ಥಗಳನ್ನು ದಾಖಲಿಸುತ್ತವೆ. ಭಾಷೆಗೆ ಪೊಲೀಸ್ ಠಾಣೆ ಇಲ್ಲ. ಆದರೂ ವ್ಯತ್ಯಾಸ ಉಳಿಸಿಕೊಳ್ಳಿ ಅಂತ ಹೇಳುವುದಕ್ಕೆ ವ್ಯಾಕರಣದ ಮಡಿವಂತಿಕೆಗಿಂತ ದೊಡ್ಡ ಕಾರಣ ಇದೆ. ‘ಆಸಕ್ತಿ ಇಲ್ಲದ’ ಅಂತ ಹೇಳಲು ಇಂಗ್ಲಿಷಿನಲ್ಲಿ ಹತ್ತು ಪದ ಸಿಗುತ್ತವೆ. ‘ಫಲಿತಾಂಶದಲ್ಲಿ ಸ್ವಂತ ಪಾಲು ಇಲ್ಲದ’ ಅಂತ ಒಂದೇ ಪದದಲ್ಲಿ ಹೇಳಲು ಸಿಗುವ ಪದಗಳು ತೀರಾ ಕಡಿಮೆ. ಇದನ್ನೂ ಕಳೆದುಕೊಂಡರೆ ಆ ವಿಚಾರವನ್ನು ಹೆಸರಿಟ್ಟು ಕರೆಯೋದೇ ಕಷ್ಟವಾಗುತ್ತದೆ.

ನಮ್ಮಲ್ಲೂ ಹೀಗಾಗಿದೆ: ‘ಉದಾಸೀನ’ದ ಕತೆ

ಇಂಗ್ಲಿಷಿನವರನ್ನು ನೋಡಿ ನಗುವ ಮೊದಲು ‘ಉದಾಸೀನ’ ಅನ್ನೋ ಪದ ನೋಡಿ. ಸಂಸ್ಕೃತದಲ್ಲಿ ಇದರ ಮೂಲ ಅರ್ಥ ‘ಬದಿಗೆ ಕೂತವನು’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜ್ಯಗಳ ಮಂಡಲದ ಲೆಕ್ಕಾಚಾರ ಬರುತ್ತದಲ್ಲ, ಅಲ್ಲಿ ಶತ್ರು, ಮಿತ್ರ, ಮಧ್ಯಮರ ಜೊತೆಗೆ ‘ಉದಾಸೀನ’ ಅನ್ನೋ ರಾಜನೂ ಇದ್ದಾನೆ. ಅವನು ಸೋಮಾರಿಯಲ್ಲ, ದುರ್ಬಲನೂ ಅಲ್ಲ. ಜಗಳದಿಂದ ಹೊರಗೆ ನಿಂತಿರುವ ಬಲಶಾಲಿ. ಇಂದಿನ ಕನ್ನಡದಲ್ಲಿ ‘ಉದಾಸೀನ ಮಾಡಬೇಡ’ ಅಂದರೆ ನಿರ್ಲಕ್ಷ್ಯ ಮಾಡಬೇಡ ಅಂತ. ‘ಅಧಿಕಾರಿಗಳ ಉದಾಸೀನ’ ಅಂತ ಸುದ್ದಿಯ ತಲೆಬರಹ ಬಂದರೆ ಅಲ್ಲಿ ಹೊಗಳಿಕೆಯ ವಾಸನೆಯೂ ಇಲ್ಲ. ಹೊರಗೆ ನಿಂತು ನೋಡುವವನು ನಿಧಾನಕ್ಕೆ ತಲೆಕೆಡಿಸಿಕೊಳ್ಳದವನಾಗಿ ಬದಲಾದ. ಡಿಸ್‌ಇಂಟರೆಸ್ಟೆಡ್ ಪದಕ್ಕೆ ಈಗ ಆಗುತ್ತಿರುವುದೂ ಇದೇ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಮಾನ ಪದ ಯಾವುದು? ಅಭ್ಯರ್ಥಿಗಳು ಹಲವು. ಒಂದೊಂದರ ಹದ ಬೇರೆ.

‘ತಟಸ್ಥ’ ಅಂದರೆ ದಡದಲ್ಲಿ ನಿಂತವನು. ಹೊಳೆಗೆ ಇಳಿಯದವನು. ಇದು ನ್ಯೂಟ್ರಲ್ ಅನ್ನೋದಕ್ಕೆ ಹತ್ತಿರ. ತಟಸ್ಥನು ತೀರ್ಪು ಕೊಡಲೇಬೇಕು ಅಂತಿಲ್ಲ. ನ್ಯಾಯಾಧೀಶ ಕೊನೆಗೆ ಒಂದು ಕಡೆಗೆ ತೀರ್ಪು ಕೊಡಲೇಬೇಕು.

‘ನಿಷ್ಪಕ್ಷಪಾತ’ ಅಂದರೆ ಒಂದು ಕಡೆಗೆ ವಾಲದ. ಇದು ಇಂಪಾರ್ಷಿಯಲ್. ಮನಸ್ಸಿನ ಸ್ಥಿತಿಯ ಬಗ್ಗೆ ಹೇಳುವ ಪದ.

‘ನಿರ್ಲಿಪ್ತ’ ಅಂದರೆ ಅಂಟಿಸಿಕೊಳ್ಳದ. ಇದು ಭಾವನೆಯ ಬಗ್ಗೆ.

‘ನಿಸ್ವಾರ್ಥ’ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ತ್ಯಾಗದ, ಸಂತತನದ ಛಾಯೆ ಇದೆ. ಡಿಸ್‌ಇಂಟರೆಸ್ಟೆಡ್ ಆಗಿರಲು ಸಂತರಾಗಬೇಕಿಲ್ಲ.

ಆದ್ದರಿಂದ ಸರಳವಾಗಿ ‘ಹಿತಾಸಕ್ತಿ ಇಲ್ಲದ’ ಅಂತ ಬರೆಯುವುದೇ ಸರಿ. ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ಹೇಳುವ ಹಾಗೆ ಹೇಳಬೇಕಾದರೆ: ‘ಇದರಲ್ಲಿ ಅವನಿಗೇನೂ ಪಾಲಿಲ್ಲ.’

ಸ್ವಭಾವದ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ

ಇಲ್ಲಿಗೆ ಈ ಪದದ ತಿರುಳಿಗೆ ಬರೋಣ. ನಮ್ಮ ರಾಜಕೀಯ ಚರ್ಚೆಯಲ್ಲಿ ಯಾರಾದರೂ ಹಿತಾಸಕ್ತಿ ಸಂಘರ್ಷದ ಮಾತೆತ್ತಿದ ಕೂಡಲೇ ಬರುವ ಉತ್ತರ ಒಂದೇ: ‘ಅವರು ತುಂಬಾ ಪ್ರಾಮಾಣಿಕರು, ಅವರ ಮೇಲೆ ಅನುಮಾನ ಪಡ್ತೀರಾ?’ ಈ ಉತ್ತರ ಪ್ರಶ್ನೆಯನ್ನೇ ತಪ್ಪಾಗಿ ಕೇಳಿಸಿಕೊಂಡಿದೆ. ಡಿಸ್‌ಇಂಟರೆಸ್ಟೆಡ್ ಅನ್ನೋದು ವ್ಯಕ್ತಿಯ ಸ್ವಭಾವ ಹೇಳುವ ಪದವಲ್ಲ. ಆ ವ್ಯಕ್ತಿ ಆ ವಿಷಯಕ್ಕೆ ಸಂಬಂಧಿಸಿ ಎಲ್ಲಿ ನಿಂತಿದ್ದಾರೆ ಅಂತ ಹೇಳುವ ಪದ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ 1852ರದ್ದು, ಇಂಗ್ಲೆಂಡಿನದ್ದು. ಡೈಮ್ಸ್ ಎಂಬಾತನಿಗೂ ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಗೂ ವ್ಯಾಜ್ಯ. ಲಾರ್ಡ್ ಚಾನ್ಸಲರ್ ಆಗಿದ್ದ ಲಾರ್ಡ್ ಕಾಟನ್‌ಹ್ಯಾಮ್ ಕಂಪನಿಯ ಪರ ಬಂದಿದ್ದ ಆದೇಶವನ್ನು ಎತ್ತಿಹಿಡಿದರು. ಆಮೇಲೆ ಗೊತ್ತಾಯಿತು, ಆ ಕಂಪನಿಯಲ್ಲಿ ಅವರಿಗೆ ಸಾವಿರಾರು ಪೌಂಡ್ ಬೆಲೆಯ ಷೇರುಗಳಿದ್ದವು. ವಿಷಯ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಅಲ್ಲಿ ಲಾರ್ಡ್ ಕ್ಯಾಂಪ್‌ಬೆಲ್ ಹೇಳಿದ್ದರ ಸಾರ ಇದು: ಕಾಟನ್‌ಹ್ಯಾಮ್ ಅವರ ಮೇಲೆ ಆ ಷೇರುಗಳು ಕಿಂಚಿತ್ತೂ ಪ್ರಭಾವ ಬೀರಿರಬಹುದು ಅಂತ ಯಾರೂ ಭಾವಿಸಲಾರರು, ಆದರೂ ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು ಅನ್ನೋ ನಿಯಮ ಪವಿತ್ರವಾಗಿ ಉಳಿಯಬೇಕು. ಆದೇಶ ರದ್ದಾಯಿತು.

ಗಮನಿಸಿ. ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಆದರೂ ತೀರ್ಪು ನಿಲ್ಲಲಿಲ್ಲ. ಮನುಷ್ಯ ಸರಿ ಇದ್ದರು, ಕೂತ ಜಾಗ ಸರಿ ಇರಲಿಲ್ಲ.

ಇದೇ ತತ್ವ ನಮ್ಮ ಸುಪ್ರೀಂ ಕೋರ್ಟಿಗೆ ಬಂದಾಗ ಅದನ್ನು ವಿಸ್ತರಿಸಿ ಬರೆದವರು ಒಬ್ಬ ಕನ್ನಡಿಗರು. ಕಾರ್ಕಳದ ಕಡೆಯ ಕೌಡೂರಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಮುಂದೆ 1973ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಕಿರಿಯರನ್ನು ನೇಮಿಸಿದಾಗ ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು, ಆಮೇಲೆ ಲೋಕಸಭೆಯ ಸ್ಪೀಕರ್ ಆದವರು. 1969ರ ಎ.ಕೆ. ಕ್ರೈಪಾಕ್ ಪ್ರಕರಣ ಅವರ ಮುಂದೆ ಬಂತು. ಜಮ್ಮು-ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು. ಅದೇ ಆಯ್ಕೆಗೆ ಅವರೂ ಅಭ್ಯರ್ಥಿ! ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗಿದ್ದರು. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೆ ಕೂತಿದ್ದರು. ಹಾಲಿಗೆ ಬೆಕ್ಕನ್ನು ಕಾವಲಿಟ್ಟು, ಒಂದು ಪಾತ್ರೆ ಮಾತ್ರ ಮುಚ್ಚಿಟ್ಟ ಹಾಗೆ. ಸುಪ್ರೀಂ ಕೋರ್ಟ್ ಆಯ್ಕೆಯನ್ನು ರದ್ದು ಮಾಡಿತು. ಇದು ಕೋರ್ಟಿನ ಪೀಠಕ್ಕೆ ಮಾತ್ರವಲ್ಲ, ಆಡಳಿತದ ಸಮಿತಿಗಳಿಗೂ ಅನ್ವಯ ಅಂತ ಗಟ್ಟಿಯಾಗಿ ಹೇಳಿದ ತೀರ್ಪು ಇದು. ಪಕ್ಷಪಾತ ನಿಜಕ್ಕೂ ನಡೆಯಿತು ಅಂತ ಸಾಬೀತು ಮಾಡಬೇಕಿಲ್ಲ, ಪಕ್ಷಪಾತದ ಸಾಧ್ಯತೆ ಇದೆ ಅಂತ ನಂಬಲು ಸಕಾರಣ ಇದ್ದರೆ ಸಾಕು ಅನ್ನೋದು ಅದರ ತಿರುಳು.

ಸಂಬಂಧಿಕರೆಲ್ಲ ‘ಇಂಟರೆಸ್ಟೆಡ್’ ಅಲ್ಲ

ಪದದ ಅರ್ಥ ತಪ್ಪಿದರೆ ಬಡವರಿಗೆ ಏನಾಗುತ್ತದೆ ಅಂತ ನೋಡಬೇಕಾದರೆ ಕ್ರಿಮಿನಲ್ ಕೋರ್ಟಿಗೆ ಹೋಗಬೇಕು. ಮನೆಯ ಮುಂದೆ ಕೊಲೆಯಾಗಿದೆ. ನೋಡಿದವಳು ಸತ್ತವನ ಹೆಂಡತಿ. ಆರೋಪಿಯ ವಕೀಲರು ಎದ್ದು ನಿಂತು, ‘ಈಕೆ ಇಂಟರೆಸ್ಟೆಡ್ ವಿಟ್ನೆಸ್, ಇವರ ಮಾತು ನಂಬಬೇಡಿ’ ಅಂತಾರೆ.

1953ರಲ್ಲೇ ದಲೀಪ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಹತ್ತಿರದ ಸಂಬಂಧಿಕರು ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯನ್ನು ಸಿಕ್ಕಿಸಲು ಹೋಗುವುದಿಲ್ಲ ಅಂತ ಅವರು ವಿವರಿಸಿದರು. 1981ರ ಕಲ್ಕಿ ಪ್ರಕರಣದಲ್ಲಿ ಕೋರ್ಟ್ ಇನ್ನೂ ಸ್ಪಷ್ಟವಾಗಿ ಎರಡು ಪದಗಳನ್ನು ಬೇರ್ಪಡಿಸಿತು. ‘ರಿಲೇಟೆಡ್’ ಬೇರೆ, ‘ಇಂಟರೆಸ್ಟೆಡ್’ ಬೇರೆ. ಪ್ರಕರಣದ ಫಲಿತಾಂಶದಿಂದ ಏನಾದರೂ ಲಾಭ ಸಿಗುವವರನ್ನು ಮಾತ್ರ ‘ಇಂಟರೆಸ್ಟೆಡ್’ ಅನ್ನಬಹುದು. ಗಂಡನನ್ನು ಕಳೆದುಕೊಂಡವಳು ಘಟನೆಯ ಸಹಜ ಸಾಕ್ಷಿ.

ಇದರ ಸಾಮಾಜಿಕ ತೂಕ ಯೋಚಿಸಿ. ದಲಿತ ಕೇರಿಯ ಮೇಲೆ ಹಲ್ಲೆ ನಡೆದಾಗ ನೋಡಿದವರು ಕೇರಿಯವರೇ ಆಗಿರುತ್ತಾರೆ. ಮನೆಯೊಳಗಿನ ಹಿಂಸೆಗೆ ಮನೆಯವರೇ ಸಾಕ್ಷಿ. ಅವರನ್ನೆಲ್ಲಾ ‘ಇಂಟರೆಸ್ಟೆಡ್’ ಅಂತ ತಳ್ಳಿಹಾಕಿದರೆ ಉಳಿಯುವ ಸಾಕ್ಷಿ ಯಾರು? ಒಂದು ವಿಶೇಷಣದ ಸರಿಯಾದ ಅರ್ಥ ಇಲ್ಲಿ ನ್ಯಾಯದ ಬಾಗಿಲಿನ ಚಿಲಕ.

ಕ್ರಿಕೆಟ್ಟು, ಕಂಪನಿ, ಸಂಸತ್ತು

ಕೋರ್ಟಿನ ಹೊರಗೂ ಇದೇ ಪದದ ಆಟ ನಡೆಯುತ್ತದೆ. ನಿಮಗೆ ನೆನಪಿರಬಹುದಾದ ಉದಾಹರಣೆ ಬಿಸಿಸಿಐ. ಮಂಡಳಿಯ ನಿಯಮ 6.2.4ರ ಪ್ರಕಾರ, ಮಂಡಳಿ ನಡೆಸುವ ಪಂದ್ಯಗಳಲ್ಲಿ ಆಡಳಿತಗಾರರಿಗೆ ವಾಣಿಜ್ಯ ಹಿತಾಸಕ್ತಿ ಇರಬಾರದಿತ್ತು. 2008ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ತಂದು ಐಪಿಎಲ್ ಮತ್ತು ಚಾಂಪಿಯನ್ಸ್ ಲೀಗ್ ಟ್ವೆಂಟಿ20ಯನ್ನು ಹೊರಗಿಡಲಾಯಿತು. ಪರಿಣಾಮ, ಚೆನ್ನೈ ಸೂಪರ್ ಕಿಂಗ್ಸ್ ತಂಡದ ಮಾಲೀಕ ಕಂಪನಿ ಇಂಡಿಯಾ ಸಿಮೆಂಟ್ಸ್‌ನ ಮುಖ್ಯಸ್ಥ ಎನ್. ಶ್ರೀನಿವಾಸನ್ ಮಂಡಳಿಯ ಅಧ್ಯಕ್ಷರೂ ಆಗಬಹುದಾಯಿತು. 2015ರ ಜನವರಿ 22ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಅಲ್ಲಿ ಎಲ್ಲರಿಗೂ ಕ್ರಿಕೆಟ್‌ನಲ್ಲಿ ಆಸಕ್ತಿ ಇತ್ತು. ಪ್ರಶ್ನೆ ಇದ್ದದ್ದು ಹಿತಾಸಕ್ತಿಯದ್ದು.

ಕಂಪನಿಗಳ ಲೋಕದಲ್ಲೂ ನಿಯಮ ಇದೆ. 2013ರ ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ತಮ್ಮ ಹಿತಾಸಕ್ತಿಗಳನ್ನು ಮಂಡಳಿಗೆ ತಿಳಿಸಬೇಕು. ಷೇರು ಮಾರುಕಟ್ಟೆಯಲ್ಲಿ ಸೆಬಿಯ 2014ರ ನಿಯಮಗಳು ಸಂಶೋಧನಾ ವಿಶ್ಲೇಷಕರಿಗೆ ಹೇಳುವುದೂ ಅದೇ: ನೀವು ವರದಿ ಬರೆಯುವ ಕಂಪನಿಯಲ್ಲಿ ನಿಮಗೆ ಹಣಕಾಸಿನ ಹಿತಾಸಕ್ತಿ ಇದ್ದರೆ ಬಹಿರಂಗಪಡಿಸಿ. ಯೂಟ್ಯೂಬಿನಲ್ಲಿ ‘ಈ ಷೇರು ತಗೊಳ್ಳಿ, ಡಬಲ್ ಆಗುತ್ತೆ’ ಅನ್ನುವವರ ಮಾತು ಕೇಳುವಾಗ ನಿಮ್ಮ ಮೊದಲ ಪ್ರಶ್ನೆ ಇದೇ ಇರಲಿ: ಇವರ ಜೇಬಲ್ಲಿ ಅದೇ ಷೇರು ಇದೆಯಾ?

ಜನಪ್ರತಿನಿಧಿಗಳ ವಿಷಯಕ್ಕೆ ಬಂದರೆ, 1951ರ ಜನಪ್ರತಿನಿಧಿ ಕಾಯ್ದೆಯ 9ಎ ಸೆಕ್ಷನ್ ಪ್ರಕಾರ ಸಂಬಂಧಪಟ್ಟ ಸರ್ಕಾರದ ಜೊತೆ ಸರಕು ಪೂರೈಕೆಯ ಅಥವಾ ಕಾಮಗಾರಿಯ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅನರ್ಹತೆ ಬರುತ್ತದೆ. ಲೋಕಸಭೆಯ ನಿಯಮ 371ರ ಅಡಿ, ವೈಯಕ್ತಿಕ, ಹಣಕಾಸಿನ ಅಥವಾ ನೇರ ಹಿತಾಸಕ್ತಿ ಇದೆ ಅನ್ನೋ ಕಾರಣಕ್ಕೆ ಸದಸ್ಯರ ಮತವನ್ನು ಪ್ರಶ್ನಿಸಬಹುದು. ರಾಜ್ಯಸಭೆಯಲ್ಲಿ ನಿಯಮ 293ರ ಅಡಿ ಸದಸ್ಯರ ಹಿತಾಸಕ್ತಿಗಳ ನೋಂದಣಿ ಪುಸ್ತಕವೇ ಇದೆ. ಹಣ ಬರುವ ನಿರ್ದೇಶಕ ಹುದ್ದೆ, ನಿಯಂತ್ರಣ ಕೊಡುವಷ್ಟು ಷೇರು, ಸಂಭಾವನೆಯ ಸಲಹಾ ಕೆಲಸ ಇತ್ಯಾದಿಗಳನ್ನು ಅಲ್ಲಿ ಘೋಷಿಸಬೇಕು.

ಹೆಂಡತಿಯ, ಮಗನ, ಬಾವಮೈದುನನ ಹೆಸರಲ್ಲಿ ಗುತ್ತಿಗೆ ಇದ್ದರೆ? ಈ ಪ್ರಶ್ನೆ ಕೇಳದ ಕನ್ನಡಿಗ ಮತದಾರ ಸಿಗೋದು ಕಷ್ಟ. ಕಾನೂನಿನ ಪದ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಮ್ಮ ರಾಜಕೀಯದ ಲೆಕ್ಕಾಚಾರ ಶುರುವಾಗುತ್ತದೆ.

ಆಸಕ್ತಿ ಇದೆ, ಹಿತಾಸಕ್ತಿ ಇಲ್ಲ

ಈಗ ಎರಡು ಪದಗಳನ್ನು ಒಂದು ಕೋಷ್ಟಕದ ನಾಲ್ಕು ಮನೆಗಳ ಹಾಗೆ ಇಟ್ಟು ನೋಡಿ.

ಆಸಕ್ತಿಯೂ ಇದೆ, ಹಿತಾಸಕ್ತಿಯೂ ಇದೆ: ಗಣಿ ಮಾಲೀಕ, ಗಣಿ ನೀತಿಯ ವಿಷಯದಲ್ಲಿ.

ಆಸಕ್ತಿ ಇಲ್ಲ, ಹಿತಾಸಕ್ತಿ ಇದೆ: ಪ್ರವೇಶ ಪರೀಕ್ಷೆಯ ನಿಯಮ ಬದಲಾದರೂ ಸುದ್ದಿ ಓದದ ವಿದ್ಯಾರ್ಥಿ. ನಮ್ಮಲ್ಲಿ ಬಹುಪಾಲು ಜನ ಬಹುಪಾಲು ಕಾನೂನುಗಳ ವಿಷಯದಲ್ಲಿ ಈ ಮನೆಯಲ್ಲೇ ಇದ್ದೀವಿ.

ಎರಡೂ ಇಲ್ಲ: ದಾರಿಹೋಕ.

ಆಸಕ್ತಿ ಇದೆ, ಹಿತಾಸಕ್ತಿ ಇಲ್ಲ: ಒಳ್ಳೆಯ ನ್ಯಾಯಾಧೀಶ, ಒಳ್ಳೆಯ ಸಂಶೋಧಕ, ಒಳ್ಳೆಯ ಹೋರಾಟಗಾರ.

ಪ್ರಜಾಪ್ರಭುತ್ವ ನಿಂತಿರೋದು ಈ ನಾಲ್ಕನೇ ಮನೆಯ ಮೇಲೆ. ಮೊದಲು ನಮ್ಮ ಕೋರ್ಟುಗಳ ಸಾಮಾನ್ಯ ನಿಯಮ ಏನಿತ್ತು ಅಂದರೆ, ಯಾರ ಹಕ್ಕಿಗೆ ಪೆಟ್ಟು ಬಿದ್ದಿದೆಯೋ ಅವರೇ ಬಂದು ಕೇಳಬೇಕು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ಬಾಗಿಲನ್ನು ಅಗಲ ಮಾಡಿದರು. ಬಡತನದಿಂದಲೋ ಅಸಹಾಯಕತೆಯಿಂದಲೋ ಕೋರ್ಟಿಗೆ ಬರಲಾಗದವರ ಪರವಾಗಿ, ಸದುದ್ದೇಶದಿಂದ ಯಾವ ನಾಗರಿಕರೂ ಬರಬಹುದು ಅಂತಾಯಿತು. ಅಂದರೆ ತನಗೆ ಏನೂ ಗಿಟ್ಟದಿದ್ದರೂ ತಲೆಕೆಡಿಸಿಕೊಳ್ಳುವವರಿಗೆ ಕಾನೂನು ಒಂದು ಕುರ್ಚಿ ಹಾಕಿಕೊಟ್ಟಿತು.

ಕರ್ನಾಟಕದಲ್ಲಿ ಆ ಕುರ್ಚಿಯನ್ನು ಚೆನ್ನಾಗಿ ಬಳಸಿದ ಉದಾಹರಣೆ ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ ಅವರು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಕೋರ್ಟ್ ತಡೆ ಹಾಕಿತು, ನಂತರ ತುಮಕೂರು ಮತ್ತು ಚಿತ್ರದುರ್ಗಕ್ಕೂ ಅದು ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಗಣಿ ಗುತ್ತಿಗೆಗಳು ರದ್ದಾದವು. ಅರ್ಜಿದಾರರು ಗಣಿ ಗುತ್ತಿಗೆಯ ಪೈಪೋಟಿಯಲ್ಲಿ ಇದ್ದವರಲ್ಲ. ಇಂಥವರನ್ನು ‘ಅನ್‌ಇಂಟರೆಸ್ಟೆಡ್’ ಅನ್ನಲು ಸಾಧ್ಯವೇ ಇಲ್ಲ. ಡಿಸ್‌ಇಂಟರೆಸ್ಟೆಡ್ ಅನ್ನೋದು ಇವರಿಗೇ ಹೊಂದುವ ಪದ.

ಇದರ ಉಲ್ಟಾ ಕೂಡ ನಡೆಯುತ್ತದೆ. ಪ್ರತಿಸ್ಪರ್ಧಿ ಕಂಪನಿಯ ಪರ ಕೆಲಸ ಮಾಡಲು, ಹೆಸರು ಮಾಡಲು ಹಾಕುವ ಅರ್ಜಿಗಳನ್ನು ನಮ್ಮ ಕೋರ್ಟುಗಳೇ ‘ಖಾಸಗಿ ಹಿತಾಸಕ್ತಿ ಅರ್ಜಿ’, ‘ಪ್ರಚಾರ ಹಿತಾಸಕ್ತಿ ಅರ್ಜಿ’ ಅಂತ ಛೇಡಿಸಿವೆ. ಹಾಗಾಗಿ ಹೋರಾಟಗಾರರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ‘ಅವರಿಗೆ ಅಷ್ಟು ಆವೇಶ ಯಾಕೆ?’ ಅಂತ ಕೇಳಿದರೆ ಅದು ಆಸಕ್ತಿಯ ಪ್ರಶ್ನೆ, ಅದರಿಂದ ಏನೂ ಸಾಬೀತಾಗಲ್ಲ. ‘ಅವರಿಗೆ ಇದರಿಂದ ಏನು ಸಿಗುತ್ತೆ?’ ಅಂತ ಕೇಳಿದರೆ ಅದು ಸರಿಯಾದ ಪ್ರಶ್ನೆ.

ಪದದ ಮಿತಿ

ಹಿತಾಸಕ್ತಿ ಇಲ್ಲ ಅಂದ ಮಾತ್ರಕ್ಕೆ ನಿಷ್ಪಕ್ಷಪಾತ ಅಂತಲ್ಲ. ಇದು ಮುಖ್ಯ. ಒಬ್ಬ ವ್ಯಕ್ತಿಗೆ ಪ್ರಕರಣದಿಂದ ನಯಾಪೈಸೆ ಬರದಿರಬಹುದು, ಆದರೆ ಜಾತಿಯ, ಧರ್ಮದ, ಲಿಂಗದ ಪೂರ್ವಗ್ರಹ ತಲೆ ತುಂಬ ಇರಬಹುದು. ಅಂಥವರು ಡಿಸ್‌ಇಂಟರೆಸ್ಟೆಡ್ ಹೌದು, ಇಂಪಾರ್ಷಿಯಲ್ ಅಲ್ಲ. ಎರಡು ಪದಗಳನ್ನು ಒಂದೇ ಅಂದುಕೊಂಡರೆ ಈ ಪೂರ್ವಗ್ರಹ ಕಣ್ಣಿಗೆ ಬೀಳದೆ ನುಸುಳಿಬಿಡುತ್ತದೆ.

ಹಿತಾಸಕ್ತಿ ಅಂದರೆ ದುಡ್ಡು ಮಾತ್ರವೇ ಅನ್ನೋದೂ ಇನ್ನೊಂದು ತಪ್ಪು ಕಲ್ಪನೆ. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆ ಪ್ರಕರಣ ನೋಡಿ. 1998ರ ನವೆಂಬರ್‌ನಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 3-2ರ ಬಹುಮತದಿಂದ ಅವನಿಗೆ ಕಾನೂನು ರಕ್ಷಣೆ ಇಲ್ಲ ಅಂತ ತೀರ್ಪು ಕೊಟ್ಟಿತು. ಪ್ರಕರಣದಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮಧ್ಯಪ್ರವೇಶಿಸಿತ್ತು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್ ಆ ಸಂಸ್ಥೆಗೆ ಸೇರಿದ ದತ್ತಿ ಕಂಪನಿಯೊಂದರ ನಿರ್ದೇಶಕರಾಗಿದ್ದರು. ಅವರಿಗೆ ಹಣದ ಲಾಭ ಇರಲಿಲ್ಲ. ಆದರೂ ಡಿಸೆಂಬರ್‌ನಲ್ಲಿ ಆ ತೀರ್ಪನ್ನು ರದ್ದುಮಾಡಿ ಹೊಸ ಪೀಠದ ಮುಂದೆ ವಿಚಾರಣೆ ನಡೆಸಲಾಯಿತು. ಮಾನವ ಹಕ್ಕುಗಳ ಪರ ಇರುವ ನಮಗೆ ಈ ಆದೇಶ ಕಹಿ ಅನ್ನಿಸಬಹುದು. ಆದರೆ ನಿಯಮ ನಮ್ಮ ಕಡೆಯವರಿಗೂ ಅನ್ವಯವಾದಾಗ ಮಾತ್ರ ಅದು ನಿಯಮ.

ಹಾಗಾದರೆ ಪೂರ್ತಿ ಹಿತಾಸಕ್ತಿ ಇಲ್ಲದ ಮನುಷ್ಯ ಇರಲು ಸಾಧ್ಯವೇ? ಸಂವಿಧಾನ ಸಭೆಯಲ್ಲಿ 1949ರ ಮೇ 24ರಂದು ನ್ಯಾಯಾಧೀಶರ ನೇಮಕಾತಿಯ ಚರ್ಚೆ ನಡೆದಾಗ ಅಂಬೇಡ್ಕರ್ ಇದನ್ನು ನೇರವಾಗಿ ಎದುರಿಸಿದರು. ಮುಖ್ಯ ನ್ಯಾಯಮೂರ್ತಿಯೂ ಕೊನೆಗೆ ಮನುಷ್ಯರೇ, ಸಾಮಾನ್ಯರಿಗಿರುವ ದೌರ್ಬಲ್ಯ, ಭಾವನೆ, ಪೂರ್ವಗ್ರಹ ಅವರಿಗೂ ಇರುತ್ತವೆ, ಆದ್ದರಿಂದ ಅವರೊಬ್ಬರ ಕೈಗೆ ನಿರಾಕರಣೆಯ ಅಧಿಕಾರ ಕೊಡುವುದು ಅಪಾಯ ಅನ್ನೋದು ಅವರ ವಾದವಾಗಿತ್ತು. ಒಳ್ಳೆಯ ಮನುಷ್ಯರನ್ನು ಹುಡುಕುತ್ತಾ ಕೂರುವ ಬದಲು, ಯಾರೇ ಬಂದು ಕೂತರೂ ಹಿತಾಸಕ್ತಿ ಹಾದಿ ತಪ್ಪಿಸದಂತೆ ಕುರ್ಚಿಯನ್ನು ವಿನ್ಯಾಸ ಮಾಡುವುದು ಸಂವಿಧಾನದ ಕೆಲಸ.

ಬರೆಯುವಾಗ, ಮಾತಾಡುವಾಗ

ಇನ್ನು ಪ್ರಾಯೋಗಿಕ ವಿಷಯ. ಇಂಗ್ಲಿಷಿನಲ್ಲಿ ಬಳಸುವಾಗ ಇವಿಷ್ಟು ನೆನಪಿಡಿ.

ಒಂದು: ‘ಇನ್’ ಅನ್ನೋ ಪದ ಹಿಂದೆಯೇ ಬಂದರೆ ಎಚ್ಚರ. ‘ಡಿಸ್‌ಇಂಟರೆಸ್ಟೆಡ್ ಇನ್ ಪಾಲಿಟಿಕ್ಸ್’ ಅಂತ ಬರೆದಿದ್ದರೆ ನಿಮಗೆ ಬೇಕಿದ್ದದ್ದು ಬಹುಶಃ ‘ಅನ್‌ಇಂಟರೆಸ್ಟೆಡ್ ಇನ್ ಪಾಲಿಟಿಕ್ಸ್’.

ಎರಡು: ಡಿಸ್‌ಇಂಟರೆಸ್ಟೆಡ್ ಸಹಜವಾಗಿ ಹೊಂದುವುದು ಸಲಹೆ, ಸಾಕ್ಷಿ, ವೀಕ್ಷಕ, ಮಧ್ಯಸ್ಥಗಾರ, ತೀರ್ಪು, ಮೂರನೇ ವ್ಯಕ್ತಿ ಇಂಥ ಪದಗಳ ಜೊತೆ. ‘ಡಿಸ್‌ಇಂಟರೆಸ್ಟೆಡ್ ಅಡ್ವೈಸ್’ ಅಂದರೆ ಕಮಿಷನ್ ಇಲ್ಲದ ಸಲಹೆ. ವಿಮಾ ಏಜೆಂಟ್ ಕೊಡುವ ಸಲಹೆ ಸರಿಯೇ ಇರಬಹುದು, ಆದರೆ ಡಿಸ್‌ಇಂಟರೆಸ್ಟೆಡ್ ಆಗಿರಲಾರದು.

ಮೂರು: ನಾಮಪದ ರೂಪದಲ್ಲಿ ಗೊಂದಲ ಹೆಚ್ಚು. ‘ಡಿಸ್‌ಇಂಟರೆಸ್ಟ್’ ಅನ್ನೋದನ್ನು ಹೆಚ್ಚಿನವರು ಅನಾಸಕ್ತಿ ಅಂತಲೇ ಬಳಸುತ್ತಾರೆ. ಹಿತಾಸಕ್ತಿ ಇಲ್ಲದಿರುವಿಕೆ ಅಂತ ಹೇಳಬೇಕಾದರೆ ‘ಡಿಸ್‌ಇಂಟರೆಸ್ಟೆಡ್‌ನೆಸ್’ ಬಳಸಿ.

ನಾಲ್ಕು: ಓದುಗರು ತಪ್ಪು ತಿಳಿಯಬಹುದು ಅನ್ನಿಸಿದರೆ ಪದವನ್ನೇ ಬಿಡಿ. ‘ಈ ವಿಷಯದಲ್ಲಿ ಅವರಿಗೆ ಯಾವ ಪಾಲೂ ಇಲ್ಲ’ ಅಂತ ಬಿಡಿಸಿ ಬರೆಯಿರಿ. ಪರೀಕ್ಷೆಯ ಪ್ರಬಂಧದಲ್ಲೂ ಅಂಕ ಸಿಗುವುದು ಸ್ಪಷ್ಟತೆಗೆ.

ಐದು: ಕನ್ನಡಕ್ಕೆ ತರುವಾಗ ‘ನಿರಾಸಕ್ತ’ ಅಂತ ಬರೆಯಬೇಡಿ. ‘ನಿರಾಸಕ್ತ ತನಿಖಾಧಿಕಾರಿ’ಯಿಂದ ಯಾವ ತನಿಖೆಯೂ ಆಗಲ್ಲ. ‘ಹಿತಾಸಕ್ತಿ ಇಲ್ಲದ ತನಿಖಾಧಿಕಾರಿ’ ನಮಗೆ ಬೇಕು.

ಪತ್ರಕರ್ತರಿಗೆ ಓದುಗರು ಆಗಾಗ ಹೇಳುವ ಮಾತೊಂದಿದೆ: ‘ನ್ಯೂಟ್ರಲ್ ಆಗಿ ಬರೀರಿ.’ ಬೇಡಿಕೆಯ ಹಿಂದಿನ ಕಾಳಜಿ ನ್ಯಾಯವಾದದ್ದು, ಪದದ ಆಯ್ಕೆ ಮಾತ್ರ ಸರಿಯಿಲ್ಲ. ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಮತ್ತು ಪರಿಹಾರದ ಹಣ ನುಂಗಿದವರ ನಡುವೆ ದಡದಲ್ಲಿ ನಿಂತು ವರದಿ ಮಾಡಲು ಆಗುವುದಿಲ್ಲ, ಆಗಬಾರದು. ಆದರೆ ಆ ವರದಿಯಿಂದ ಬರೆದವರಿಗೆ ಏನು ಸಿಕ್ಕಿತು, ಸಂಸ್ಥೆಗೆ ಜಾಹೀರಾತು ಯಾರು ಕೊಡುತ್ತಾರೆ, ಮಾಲೀಕರ ಬೇರೆ ವ್ಯಾಪಾರ ಏನು ಅಂತ ಕೇಳುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ. ನೀವು ಓದುತ್ತಿರುವ ಈ ತಾಣಕ್ಕೂ ಆ ಪ್ರಶ್ನೆ ಕೇಳಿ.

ಮುಂದಿನ ಸಲ ಸರ್ಕಾರ ಒಂದು ‘ತಜ್ಞರ ಸಮಿತಿ’ ಘೋಷಿಸಿದಾಗ ಸದಸ್ಯರ ಪಟ್ಟಿ ತೆಗೆದು ಹೆಸರುಗಳ ಮುಂದೆ ಎರಡು ಅಂಕಣ ಹಾಕಿ. ಒಂದರಲ್ಲಿ, ಇವರಿಗೆ ವಿಷಯ ಗೊತ್ತಾ, ಅದರ ಬಗ್ಗೆ ಕಾಳಜಿ ಇದೆಯಾ ಅಂತ ಬರೆಯಿರಿ. ಇನ್ನೊಂದರಲ್ಲಿ, ಸಮಿತಿಯ ಶಿಫಾರಸಿನಿಂದ ಇವರಿಗೋ ಇವರ ಸಂಸ್ಥೆಗೋ ಏನಾದರೂ ಸಿಗುತ್ತಾ ಅಂತ ಬರೆಯಿರಿ. ಮೊದಲ ಅಂಕಣದಲ್ಲಿ ‘ಹೌದು’, ಎರಡನೆಯದರಲ್ಲಿ ‘ಇಲ್ಲ’ ಅಂತ ಎಷ್ಟು ಹೆಸರುಗಳ ಮುಂದೆ ಬರುತ್ತದೆ ಅಂತ ಎಣಿಸಿ. ವರದಿ ಬರುವವರೆಗೆ ಕಾಯದೆ ಆ ಸಮಿತಿಯ ಬಗ್ಗೆ ಬಹಳಷ್ಟು ತಿಳಿಯುತ್ತದೆ.